ನಂಜನಗೂಡಿನ ನಾಗರತ್ನಮ್ಮ ಮತ್ತು ನಾಚಿಕೆಯ ಲೆಕ್ಕ

1910ರಲ್ಲಿ ಮದರಾಸಿನ ವಾವಿಳ್ಳ ಪ್ರಕಾಶನದಿಂದ ಒಂದು ಹಳೆಯ ತೆಲುಗು ಕಾವ್ಯ ಹೊಸದಾಗಿ ಅಚ್ಚಾಗಿ ಬಂತು. ಹೆಸರು ‘ರಾಧಿಕಾ ಸಾಂತ್ವನಮು’. ಹದಿನೆಂಟನೇ ಶತಮಾನದಲ್ಲಿ ತಂಜಾವೂರಿನ ಮರಾಠ ದೊರೆ ಪ್ರತಾಪಸಿಂಹನ ಆಸ್ಥಾನದಲ್ಲಿದ್ದ ಮುದ್ದುಪಳನಿಯ ಕೃತಿ ಅದು. ಅದನ್ನು ಹುಡುಕಿ, ತಿದ್ದಿ, ಮುನ್ನುಡಿ ಬರೆದು ಅಚ್ಚಿಗೆ ಕೊಟ್ಟವರು ಬೆಂಗಳೂರು ನಾಗರತ್ನಮ್ಮ. ಇಬ್ಬರೂ ಗಣಿಕೆಯರ ಮನೆತನದವರು.

ಅದಕ್ಕೂ ಮೊದಲು, 1887ರಲ್ಲಿ, ಈ ಕಾವ್ಯ ಒಮ್ಮೆ ಅಚ್ಚಾಗಿತ್ತು. ಆದರೆ ಮುದ್ದುಪಳನಿ ತನ್ನ ಅಜ್ಜಿಯ ಹೆಸರು ಹೇಳಿಕೊಂಡು ವಂಶಾವಳಿ ಕೊಡುವ ಪೀಠಿಕೆಯೇ ಆ ಪ್ರತಿಯಲ್ಲಿ ಮಾಯ. ಅಜ್ಜಿಯಿಂದ ಮೊಮ್ಮಗಳಿಗೆ ಇಳಿದ ವಿದ್ಯೆ ಯಾರಿಗೋ ಮುಜುಗರ ತಂದಿರಬೇಕು.

ಮುದ್ದುಪಳನಿಯನ್ನು ಕಟುವಾಗಿ ಹಳಿದವರು ಯಾರೋ ಮಡಿವಂತರಲ್ಲ, ಕಂದುಕೂರಿ ವೀರೇಶಲಿಂಗಂ. 1881ರಲ್ಲಿ ರಾಜಮಹೇಂದ್ರಿಯಲ್ಲಿ ವಿಧವಾ ವಿವಾಹ ಮಾಡಿಸಿ ಊರಿನ ಬಹಿಷ್ಕಾರಕ್ಕೆ ಎದೆಯೊಡ್ಡಿದ ಅದೇ ಸುಧಾರಕರು. ವಿಧವೆಯ ಕಣ್ಣೀರು ಕಂಡವರಿಗೆ ಗಣಿಕೆಯ ಕಾವ್ಯದಲ್ಲಿ ಅಶ್ಲೀಲತೆಯಷ್ಟೇ ಕಂಡಿತು. ನಾಗರತ್ನಮ್ಮ ಮುನ್ನುಡಿಯಲ್ಲಿ ತಿರುಗಿ ಕೇಳಿದರು: ನಾಚಿಕೆ ಎಂಬುದು ಹೆಂಗಸರಿಗೆ ಮಾತ್ರವೇ? ಗಂಡು ಕವಿಗಳು ಇದಕ್ಕಿಂತ ಬಿಚ್ಚಿ ಬರೆದದ್ದು ಪಾಠವಾಗಿಲ್ಲವೇ? ಉತ್ತರ ಬಂದದ್ದು ಸರ್ಕಾರದಿಂದ. ಮರುವರ್ಷವೇ ಪುಸ್ತಕದ ಮೇಲೆ ಕೇಸು ಬಿತ್ತು, ಪ್ರತಿಗಳು ಜಪ್ತಿಯಾದವು.

ನಾಗರತ್ನಮ್ಮ ಹುಟ್ಟಿದ್ದು 1878ರಲ್ಲಿ, ನಂಜನಗೂಡಿನಲ್ಲಿ. ಬೆಂಗಳೂರಿನಲ್ಲಿ ಅವರಿಗೆ ಆಸರೆಯಾಗಿದ್ದವರು ನ್ಯಾಯಾಧೀಶ ನರಹರಿರಾಯರು. ಹನುಮಂತನಗರದ ಗುಡ್ಡಕ್ಕೆ ಇಂದಿಗೂ ಅವರದೇ ಹೆಸರು. ಆಮೇಲೆ ಮದರಾಸು, ಕಛೇರಿಗಳು, ಸ್ವಂತ ಮನೆ, ಸ್ವಂತ ದುಡ್ಡು. ಇತ್ತ ಮೈಸೂರು ಸಂಸ್ಥಾನ 1909ರಲ್ಲೇ ಮುಜರಾಯಿ ದೇವಸ್ಥಾನಗಳಲ್ಲಿ, ಹೆಣ್ಣುಮಕ್ಕಳನ್ನು ದೇವದಾಸಿಯರಾಗಿ ಬಿಡುವ ಗೆಜ್ಜೆಪೂಜೆಯನ್ನು ನಿಲ್ಲಿಸಿತ್ತು.

ಮದರಾಸಿನಲ್ಲಿ ಆ ಕೆಲಸ ಕೈಗೆತ್ತಿಕೊಂಡವರು ಡಾ. ಮುತ್ತುಲಕ್ಷ್ಮಿ ರೆಡ್ಡಿ. ಅಲ್ಲಿನ ಶಾಸನಸಭೆಯ ಮೊದಲ ಮಹಿಳಾ ಸದಸ್ಯೆ. ಅವರ ತಾಯಿಯೂ ದೇವದಾಸಿ ಮನೆತನದವರೇ. ಹೆಣ್ಣುಮಕ್ಕಳನ್ನು ದೇವರ ಹೆಸರಲ್ಲಿ ಬಿಡುವುದು ಅವರಿಗೆ ಪುಸ್ತಕದ ವಿಷಯವಾಗಿರಲಿಲ್ಲ. ಗಾಂಧಿಯವರ ಬಂಧನವನ್ನು ಖಂಡಿಸಿ 1930ರಲ್ಲಿ ಸ್ಥಾನವನ್ನೇ ಬಿಟ್ಟ ರಾಷ್ಟ್ರವಾದಿ ಅವರು. ಎದುರು ನಿಂತ ದೇವದಾಸಿಯರು, ನಾಗರತ್ನಮ್ಮನವರೂ ಸೇರಿ, ತಮ್ಮನ್ನು ಬೀದಿಯ ಸೂಳೆಗಾರಿಕೆಯ ಜೊತೆ ಸೇರಿಸಬೇಡಿ, ಶಾಲೆ ಕೊಡಿ ಎಂದು ಮನವಿ ಬರೆದರು. ಅವರ ಮನೆಗಳಲ್ಲಿ ಆಸ್ತಿ ಹೆಣ್ಣುಮಕ್ಕಳಿಗೆ ಬರುತ್ತಿತ್ತು, ಹೆಣ್ಣನ್ನು ದತ್ತು ತೆಗೆದುಕೊಳ್ಳಬಹುದಿತ್ತು. ಉಳಿದ ಹಿಂದೂ ಹೆಂಗಸರಿಗೆ ಆಗ ಅಂಥದ್ದೆಲ್ಲಿತ್ತು?

ಇದೇ ಜಾತಿಯ ಇನ್ನೊಬ್ಬಾಕೆ, ಮೂವಲೂರು ರಾಮಾಮೃತಂ ಅಮ್ಮಾಳ್, ಪೆರಿಯಾರರ ಸ್ವಾಭಿಮಾನ ಚಳವಳಿಯ ಕಡೆಯಿಂದ ಪದ್ಧತಿಯ ಬೇರಿಗೇ ಕೊಡಲಿ ಹಾಕಿದರು. 1936ರಲ್ಲಿ ಅದರ ಮೇಲೆ ಕಾದಂಬರಿಯನ್ನೂ ಬರೆದರು. ದೇವದಾಸಿಯರು ಒಂದೇ ದನಿಯವರಾಗಿದ್ದರು ಎಂದುಕೊಂಡರೆ ಈ ಮೂವರಲ್ಲಿ ಇಬ್ಬರನ್ನಾದರೂ ಮರೆಯಬೇಕಾಗುತ್ತದೆ. ಸಮುದಾಯದ ಗಂಡಸರು, ಅಂದರೆ ನಾಗಸ್ವರದವರು, ನಟುವನಾರರು, ‘ಇಸೈ ವೆಳ್ಳಾಳರ್’ ಎಂಬ ಹೊಸ ಜಾತಿ ಹೆಸರಿನಡಿ ಒಂದಾಗಿ ಸುಧಾರಣೆಯ ಬೆನ್ನಿಗೆ ನಿಂತರು. ತಾಯಂದಿರ ಹೆಸರಲ್ಲಿ ನಡೆಯುತ್ತಿದ್ದ ಮನೆಗಳಲ್ಲಿ ಗಂಡುಮಕ್ಕಳಿಗೆ ಅದರಿಂದ ನಷ್ಟವೇನೂ ಇರಲಿಲ್ಲ.

ಕುಣಿತ ಮಾತ್ರ ಯಾರಿಗೂ ಬೇಡವಾಗಲಿಲ್ಲ. ದೇವದಾಸಿಯರ ಕುಣಿತವಾದ ಸದಿರು ‘ಭರತನಾಟ್ಯ’ವಾಯಿತು, ರಾಷ್ಟ್ರದ ಹೆಮ್ಮೆಯಾಯಿತು. 1935ರಲ್ಲಿ ಬ್ರಾಹ್ಮಣ ಮನೆತನದ ರುಕ್ಮಿಣಿದೇವಿ ಅರುಂಡೇಲ್ ವೇದಿಕೆಯೇರಿದರು. ಕಲಿಸಿದವರು ಹಳೆಯ ಮನೆತನದ ಗುರುಗಳು.

ಆ ವೇಳೆಗಾಗಲೇ ನಾಗರತ್ನಮ್ಮ ತಿರುವೈಯಾರಿನಲ್ಲಿ ಬೇರೆಯೇ ಕೆಲಸದಲ್ಲಿದ್ದರು. ಪಾಳುಬಿದ್ದಿದ್ದ ತ್ಯಾಗರಾಜರ ಸಮಾಧಿಗೆ ತಮ್ಮ ಒಡವೆ, ಆಸ್ತಿ ಸುರಿದು 1920ರ ದಶಕದಲ್ಲಿ ಗುಡಿ ಕಟ್ಟಿಸಿದರು. ಅಲ್ಲಿ ಆರಾಧನೆ ನಡೆಸುತ್ತಿದ್ದ ಗಂಡಸರ ಎರಡೂ ಬಣಗಳು ಹೆಂಗಸರಿಗೆ ಹಾಡಲು ಬಿಡಲಿಲ್ಲ, ಗುಡಿ ಕಟ್ಟಿಸಿದವರಿಗೂ! 1927ರಿಂದ ಅವರು ದೇವದಾಸಿಯರನ್ನು ಕೂಡಿಸಿಕೊಂಡು ಗುಡಿಯ ಹಿಂಭಾಗದಲ್ಲಿ ತಮ್ಮದೇ ಆರಾಧನೆ ನಡೆಸಿದರು. ಬಣಗಳೆಲ್ಲ ಒಂದಾಗಿ ಹೆಣ್ಣು ದನಿಗೂ ಜಾಗ ಸಿಕ್ಕಿದ್ದು 1940ರ ಹೊತ್ತಿಗೆ.

1947ರಲ್ಲಿ ಮದರಾಸು ಪ್ರಾಂತ್ಯದಲ್ಲಿ ಎರಡು ಸಂಗತಿ ನಡೆದವು. ಆಗಿನ ಪ್ರಾಂತ್ಯ ಸರ್ಕಾರದ ಮುಖ್ಯಸ್ಥ ಟಂಗುಟೂರಿ ಪ್ರಕಾಶಂ ‘ರಾಧಿಕಾ ಸಾಂತ್ವನಮು’ ಮೇಲಿದ್ದ ನಿಷೇಧ ತೆಗೆಸಿದರು. ಅದೇ ವರ್ಷದ ಕೊನೆಗೆ, ಬೇರೆ ಮಂತ್ರಿಮಂಡಲದ ಕಾಲದಲ್ಲಿ, ದೇವದಾಸಿ ಸಮರ್ಪಣೆಯನ್ನು ತಡೆಯುವ ಕಾಯಿದೆ ಅಂಗೀಕಾರವಾಯಿತು. ಕಾವ್ಯ ಮತ್ತೆ ಅಚ್ಚಾದದ್ದು 1952ರಲ್ಲಿ, ನಾಗರತ್ನಮ್ಮ ತೀರಿಕೊಂಡ ವರ್ಷ. ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಮುಖಮಾಡಿ ಅವರ ಕಲ್ಲಿನ ಮೂರ್ತಿ ಕೈಮುಗಿದು ಕೂತಿದೆ.