ಬಾಗಿಲಿನ ನಾಲ್ಕು ತೂತುಗಳು

ನ್ಯೂಯಾರ್ಕಿನ ಕ್ವೀನ್ಸ್ ಭಾಗದಲ್ಲಿ ಜಮೈಕಾ ಎಂಬ ಬಡಾವಣೆಯಿದೆ. ಕೆರಿಬಿಯನ್ ದ್ವೀಪಕ್ಕೂ ಅದಕ್ಕೂ ಹೆಸರಿನ ಹೋಲಿಕೆ ಬಿಟ್ಟರೆ ಬೇರೆ ನಂಟಿಲ್ಲ. 1960ರ ದಶಕದಲ್ಲಿ ಅಲ್ಲಿ ಮೇರಿ ವ್ಯಾನ್ ಬ್ರಿಟನ್ ಬ್ರೌನ್ ಎಂಬ ಆಫ್ರಿಕನ್-ಅಮೆರಿಕನ್ ನರ್ಸ್ ವಾಸವಾಗಿದ್ದರು. ಗಂಡ ಆಲ್ಬರ್ಟ್ ಎಲೆಕ್ಟ್ರಾನಿಕ್ಸ್ ತಂತ್ರಜ್ಞ. ಇಬ್ಬರದೂ ಹೊತ್ತುಗೊತ್ತಿಲ್ಲದ ಕೆಲಸ, ಹಾಗಾಗಿ ಎಷ್ಟೋ ರಾತ್ರಿ ಆಕೆ ಮನೆಯಲ್ಲಿ ಒಬ್ಬರೇ. ಬಾಗಿಲು ಬಡಿದ ಸದ್ದಾದರೆ ಎದ್ದು ಹೋಗಿ ತೂತಿಗೆ ಕಣ್ಣಿಡಬೇಕು. ಅಂದರೆ ಯಾರಿಗೆ ಹೆದರುತ್ತೇವೋ ಅವರಿಂದ ಗೇಣುದೂರದಲ್ಲಿ ಹೋಗಿ ನಿಲ್ಲಬೇಕು.

ಹೆದರಿಕೆಗೆ ಕಾರಣವಿತ್ತು. ನಗರದಲ್ಲಿ ಅಪರಾಧ ಏರುತ್ತಿತ್ತು, ಆ ಬಡಾವಣೆಗೆ ಪೊಲೀಸರು ಬರುವುದು ತಡವಾಗುತ್ತಿತ್ತು. 911 ಎಂಬ ಒಂದೇ ತುರ್ತು ಸಂಖ್ಯೆ ನ್ಯೂಯಾರ್ಕಿಗೆ ಬಂದದ್ದು 1968ರಲ್ಲಿ. ಅದಕ್ಕೂ ಎರಡು ವರ್ಷ ಮೊದಲೇ, 1966ರ ಆಗಸ್ಟಿನಲ್ಲಿ, ಬ್ರೌನ್ ದಂಪತಿ ಪೇಟೆಂಟಿಗೆ ಅರ್ಜಿ ಹಾಕಿದ್ದರು.

ಅವರ ಯಂತ್ರದ ವಿವರ ಇಂದು ಓದಿದರೂ ಹಳತೆನಿಸುವುದಿಲ್ಲ. ಬಾಗಿಲಿನಲ್ಲಿ ಬೇರೆಬೇರೆ ಎತ್ತರಕ್ಕೆ ನಾಲ್ಕು ತೂತುಗಳು. ಒಳಬದಿಯಲ್ಲಿ ಮೋಟಾರಿನಿಂದ ಮೇಲೆ ಕೆಳಗೆ ಸರಿಯುವ ಕ್ಯಾಮೆರಾ: ಎತ್ತರದವರಿಗೆ ಮೇಲಿನ ತೂತು, ಮಕ್ಕಳಿಗೆ ಕೆಳಗಿನದು. ಚಿತ್ರ ರೇಡಿಯೋ ಅಲೆಯ ಮೂಲಕ ಮಲಗುವ ಕೋಣೆಯ ಟಿವಿಗೆ ಬರುತ್ತದೆ. ಹೊರಗಿರುವವರ ಜೊತೆ ಹಾಸಿಗೆಯ ಪಕ್ಕದಿಂದಲೇ ಮಾತಾಡಬಹುದು. ಗುರುತಿನವರಾದರೆ ಒಂದು ಗುಂಡಿ ಒತ್ತಿ ಬಾಗಿಲು ತೆಗೆಯಬಹುದು, ಅಲ್ಲದಿದ್ದರೆ ಇನ್ನೊಂದು ಗುಂಡಿಯಿಂದ ಅಪಾಯದ ಸೂಚನೆ ಕಳಿಸಬಹುದು. 1969ರ ಡಿಸೆಂಬರ್ 2ರಂದು 3,482,037ನೇ ಸಂಖ್ಯೆಯ ಪೇಟೆಂಟ್ ಅವರ ಕೈಸೇರಿತು. ಮೇಲ್ವಿಚಾರಣೆಯ ಟಿವಿ ಅದಕ್ಕೂ ಮೊದಲು ಇತ್ತು. 1942ರಲ್ಲೇ ಜರ್ಮನಿಯ ಪೀನೆಮುಂಡೆಯಲ್ಲಿ ವಿ-2 ರಾಕೆಟ್ ಉಡಾವಣೆಯನ್ನು ದೂರದಿಂದ ನೋಡಲು ಬಳಸಿದ್ದರು. ಮನೆಯೊಳಗಿನ ಹೆಂಗಸಿನ ಕೈಗೆ ಅದರ ಗುಂಡಿ ಕೊಡಬೇಕೆಂದು ಯೋಚಿಸಿದ್ದು ಮಾತ್ರ ಬ್ರೌನ್ ಮನೆಯಲ್ಲಿ.

ಒಂದು ತೊಡಕು ಉಳಿದೇ ಇತ್ತು: ಕತ್ತಲೆ. ಆ ಕಾಲದ ಕ್ಯಾಮೆರಾದ ಒಳಗಿದ್ದದ್ದು ವಿಡಿಕಾನ್ ಎಂಬ ಗಾಜಿನ ಕೊಳವೆ. 1950ರ ಸುಮಾರಿಗೆ ಆರ್‌ಸಿಎ ಕಂಪನಿ ಹೊರತಂದ ಈ ಕೊಳವೆಗೆ ಬೆಳಕು ಧಾರಾಳವಾಗಿ ಬೇಕು. ಬೆಳಕು ಕಡಿಮೆಯಾದರೆ ಚಲಿಸುವ ಮನುಷ್ಯನ ಹಿಂದೆ ದೆವ್ವದಂಥ ಬಾಲ ಎಳೆಯುತ್ತದೆ. ಬಲ್ಬನ್ನೇ ದಿಟ್ಟಿಸಿದರೆ ಅದರ ಗುರುತು ಪರದೆಯ ಮೇಲೆ ಉಳಿದುಬಿಡುತ್ತದೆ. ಹಣವಿದ್ದವರಿಗೆ ಪರಿಹಾರವಿತ್ತು. 1969ರ ಜುಲೈಯಲ್ಲಿ ಚಂದ್ರನ ಮೇಲಿಂದ ನೇರ ಚಿತ್ರ ಕಳಿಸಿದ ವೆಸ್ಟಿಂಗ್‌ಹೌಸ್ ಕ್ಯಾಮೆರಾದಲ್ಲಿ ಮಂದ ಬೆಳಕಿಗೆಂದೇ ರೂಪಿಸಿದ ಬೇರೆ ಜಾತಿಯ ಕೊಳವೆಯಿತ್ತು. ಕ್ವೀನ್ಸ್‌ನ ನರ್ಸೊಬ್ಬರ ಬಾಗಿಲಿಗೆ ಎಟುಕುವ ಮಾತಲ್ಲ ಅದು.

ಅದೇ ವರ್ಷದ ಅಕ್ಟೋಬರಿನಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಹಲಗೆಯ ಮೇಲೆ ಸಿಸಿಡಿಯ ನಕ್ಷೆ ಬರೆದರು. ಅವರ ತಲೆಯಲ್ಲಿದ್ದದ್ದು ಕಂಪ್ಯೂಟರಿನ ಸ್ಮೃತಿಕೋಶ, ಕ್ಯಾಮೆರಾ ಅಲ್ಲ. ಆದರೂ 2009ರ ನೊಬೆಲ್ ಬಂದದ್ದು ಚಿತ್ರ ಹಿಡಿಯುವ ಗುಣಕ್ಕೆ. ಅದರ ತತ್ವ ಮಳೆಗಾಲದ ಅಂಗಳದಷ್ಟು ಸರಳ. ಸಾಲಾಗಿ ಪಾತ್ರೆಗಳನ್ನಿಟ್ಟು ನೀರು ಹಿಡಿದಂತೆ ಸಿಲಿಕಾನಿನ ಮೇಲಿನ ಪುಟ್ಟ ಗುಣಿಗಳು ಬೆಳಕಿನಿಂದ ಹುಟ್ಟಿದ ವಿದ್ಯುತ್ತನ್ನು ತುಂಬಿಕೊಳ್ಳುತ್ತವೆ, ಆಮೇಲೆ ಒಂದೊಂದರಲ್ಲಿ ಎಷ್ಟಿದೆಯೆಂದು ಅಳೆಯುತ್ತಾರೆ. 1990ರ ದಶಕದಲ್ಲಿ ನಾಸಾದ ಜೆಪಿಎಲ್‌ನಲ್ಲಿ ಎರಿಕ್ ಫಾಸಮ್ ತಂಡ ಬೆಳೆಸಿದ ಸಿಮಾಸ್ ಸೆನ್ಸರ್ ಇದನ್ನು ಅಗ್ಗವಾಗಿಸಿತು. ಇಂದು ಮನೆಯ ಕ್ಯಾಮೆರಾಗಳಲ್ಲಿರುವುದು ಅದರದೇ ಸಂತತಿ.

ತುಂತುರು ಮಳೆಯಲ್ಲಿ ಚೊಂಬಿಗಿಂತ ಅಗಲ ಬಾಯಿಯ ಕೊಳಗಕ್ಕೆ ಹೆಚ್ಚು ನೀರು ಬೀಳುತ್ತದೆ. ರಾತ್ರಿ ಕ್ಯಾಮೆರಾ ಆಯ್ಕೆಯ ಮುಕ್ಕಾಲು ಪಾಲು ವಿದ್ಯೆ ಇಷ್ಟೇ. ಒಂದೇ ಅಳತೆಯ ಸೆನ್ಸರಿನಲ್ಲಿ ಎರಡರ ಬದಲು ಎಂಟು ಮೆಗಾಪಿಕ್ಸೆಲ್ ತುರುಕಿದರೆ ಪ್ರತಿ ಪಾತ್ರೆಯ ಬಾಯಿ ಕಾಲುಭಾಗಕ್ಕೆ ಇಳಿಯುತ್ತದೆ. ಹಗಲಲ್ಲಿ ಗೆಲ್ಲುವ ಎಂಟು, ರಾತ್ರಿ ಎರಡಕ್ಕೆ ಸೋಲುವುದುಂಟು.

ಸೆನ್ಸರಿನ ಅಳತೆಯ ಲೆಕ್ಕದಲ್ಲಿ ಒಂದು ಮೋಜಿದೆ. ಡಬ್ಬಿಯ ಮೇಲೆ 1/2.8 ಇಂಚು ಎಂದಿರುತ್ತದೆ. ಲೆಕ್ಕ ಹಾಕಿದರೆ 9 ಮಿಲಿಮೀಟರ್ ಬರಬೇಕು, ಅಳೆದರೆ ಕರ್ಣ ಸುಮಾರು 6.5 ಮಾತ್ರ. ಮೋಸವಲ್ಲ, ಪಳೆಯುಳಿಕೆ. ವಿಡಿಕಾನಿನ ಕಾಲದಲ್ಲಿ ಇಂಚು ಎಂದರೆ ಗಾಜಿನ ಕೊಳವೆಯ ಹೊರಸುತ್ತಿನ ವ್ಯಾಸ. ಚಿತ್ರ ಬೀಳುವ ಜಾಗ ಅದಕ್ಕಿಂತ ಚಿಕ್ಕದು. ಕೊಳವೆ ಹೋಯಿತು, ಅಳತೆಯ ಭಾಷೆ ಉಳಿಯಿತು. ಹೀಗಾಗಿ 1/2.8 ಮತ್ತು 1/1.8 ಕೇಳಲು ಅಕ್ಕಪಕ್ಕದವರಂತಿದ್ದರೂ ಎರಡನೆಯದರ ವಿಸ್ತಾರ ಹೆಚ್ಚುಕಡಿಮೆ ಇಮ್ಮಡಿ. ಲೆನ್ಸಿನಲ್ಲೂ ಹಾಗೆ: ಎಫ್ 2.0ಕ್ಕೆ ಹೋಲಿಸಿದರೆ ಎಫ್ 1.0 ಒಳಬಿಡುವ ಬೆಳಕು ನಾಲ್ಕು ಪಟ್ಟು.

ಡಬ್ಬಿಯ ಮೇಲಿನ ಲಕ್ಸ್ ಅಂಕಿಯನ್ನು ಮಾತ್ರ ಅನುಮಾನದಿಂದಲೇ ಓದಬೇಕು. 0.001 ಲಕ್ಸ್‌ನಲ್ಲೂ ಬಣ್ಣ ಕಾಣುತ್ತದೆ ಎನ್ನುವವರು ಷಟರ್ ಎಷ್ಟು ಹೊತ್ತು ತೆರೆದಿತ್ತೆಂದು ಹೇಳುವುದು ಅಪರೂಪ. ಸಾಧಾರಣ ನಡಿಗೆಯ ಮನುಷ್ಯ ಸೆಕೆಂಡಿಗೆ ಸುಮಾರು 1.4 ಮೀಟರ್ ಸಾಗುತ್ತಾನೆ. ಷಟರ್ ಕಾಲು ಸೆಕೆಂಡು ತೆರೆದಿದ್ದರೆ ಅಷ್ಟರಲ್ಲಿ ಅವನು 35 ಸೆಂಟಿಮೀಟರ್ ಮುಂದಿರುತ್ತಾನೆ. ಗೋಡೆ, ತುಳಸಿಕಟ್ಟೆ, ನಿಂತ ಸ್ಕೂಟರ್ ಎಲ್ಲವೂ ಚೆಂದ. ಬಂದವನ ಮುಖವೊಂದು ಮಸಿ. ಅರವತ್ತು ವರ್ಷದ ಹಿಂದಿನ ವಿಡಿಕಾನಿನ ಬಾಲ ಬೇರೆ ವೇಷದಲ್ಲಿ ಮರಳಿ ಬಂದಂತೆ.

ಇನ್ನೊಂದು ದಾರಿ ಇನ್‌ಫ್ರಾರೆಡ್. ಸಿಲಿಕಾನಿಗೆ ನಮ್ಮ ಕಣ್ಣಿಗೆ ಕಾಣದ್ದೂ ಕಾಣುತ್ತದೆ. ಹಗಲಲ್ಲಿ ಅದು ಬಣ್ಣ ಕೆಡಿಸದಿರಲೆಂದು ಮುಂದೊಂದು ಫಿಲ್ಟರ್ ಇರುತ್ತದೆ. ಸಂಜೆಗೆ ಟಕ್ ಎಂಬ ಸದ್ದಿನೊಡನೆ ಅದು ಸರಿದು, ಚಿತ್ರ ಕಪ್ಪುಬಿಳುಪಾಗುತ್ತದೆ. 850 ನ್ಯಾನೋಮೀಟರಿನ ಎಲ್ಇಡಿಗಳು ಮಂದ ಕೆಂಪಾಗಿ ಕಾಣುತ್ತವೆ, ಬೆಳಕು ದೂರ ಮುಟ್ಟುತ್ತದೆ. 940ರವು ಕಣ್ಣಿಗೆ ಬೀಳುವುದಿಲ್ಲ, ಆದರೆ ಅಲ್ಲಿ ಸಿಲಿಕಾನಿನ ದೃಷ್ಟಿಯೂ ಕುಂದುತ್ತದೆ. ಎರಡಕ್ಕೂ ಶತ್ರು ಜೇಡ. ಲೆನ್ಸಿನ ಮುಂದೆ ಬಲೆ ಕಟ್ಟಿದರೆ ರಾತ್ರಿಯೆಲ್ಲ ಬೆಳ್ಳಗೆ ಹೊಳೆಯುವ ದಾರಗಳೇ ಕಾಣುತ್ತವೆ. ಮುಂಬಯಿಯ ಮಳೆಯಲ್ಲಿ ಒಂದೊಂದು ಹನಿಯೂ ಹಾಗೆಯೇ.

ಕನ್ನಡದಲ್ಲಿ ಇದಕ್ಕೆ ಕಣ್ಗಾವಲು ಎನ್ನುತ್ತೇವೆ; ಕಣ್ಣು ಮತ್ತು ಕಾವಲು ಕೂಡಿ ಆದೇಶಸಂಧಿ. ಕಾವಲು ಅಂದರೆ ಎದ್ದು ಓಡಿಬರುವ ಒಬ್ಬ ಮನುಷ್ಯ. ಹೆಚ್ಚಿನ ಕ್ಯಾಮೆರಾಗಳಲ್ಲಿರುವುದು ಕಣ್ಣಷ್ಟೇ, ಆಗಿಹೋದದ್ದನ್ನು ನೆನಪಿಡುವ ಕಣ್ಣು. ಸಿಸಿಟಿವಿ ಎಂಬ ಹೆಸರಿನಲ್ಲಿರುವ ಮುಚ್ಚಿದ ಸುತ್ತು ಕೂಡ 1996ರಲ್ಲಿ ಸ್ವೀಡನ್ನಿನ ಆಕ್ಸಿಸ್ ಕಂಪನಿ ಮೊದಲ ನೆಟ್‌ವರ್ಕ್ ಕ್ಯಾಮೆರಾ ತಂದಮೇಲೆ ತೆರೆದುಕೊಂಡಿತು. ಈಗ ಮನೆಬಾಗಿಲಿನ ಚಿತ್ರ ಯಾವುದೋ ಊರಿನ ಸರ್ವರ್ ಸುತ್ತಿ ಮಾಲೀಕರ ಫೋನಿಗೆ ಬರುತ್ತದೆ. ತಾವೇ ಜೋಡಿಸಿಕೊಳ್ಳುವವರು ಮನೆಯಲ್ಲೇ ರೆಕಾರ್ಡರ್ ಇಟ್ಟು, ಕ್ಯಾಮೆರಾಗೆ ಇಂಟರ್ನೆಟ್ ಕೊಡದೆ ಆ ಸುತ್ತನ್ನು ಮತ್ತೆ ಮುಚ್ಚುವುದು ಇದಕ್ಕೇ. ಬ್ರೌನ್ ಅವರ ಟಿವಿ ಇದ್ದದ್ದು ಅವರ ಮಲಗುವ ಕೋಣೆಯಲ್ಲಿ.

ಎತ್ತರದ ವಿಷಯದಲ್ಲೂ ಆ ಪೇಟೆಂಟ್ ನಮಗಿಂತ ಜಾಣತನ ತೋರಿತ್ತು. ಕದಿಯಬಾರದೆಂದು ಕ್ಯಾಮೆರಾವನ್ನು ಹತ್ತಡಿ ಮೇಲೆ ಬಿಗಿದರೆ ಸಿಗುವುದು ಟೋಪಿಯ, ಹೆಲ್ಮೆಟ್ಟಿನ, ಬೋಳುತಲೆಯ ಚಿತ್ರ. ಬಾಗಿಲ ಬಳಿಯ ಕ್ಯಾಮೆರಾ ಮುಖದ ಮಟ್ಟಕ್ಕೆ ಇದ್ದು, ಪಕ್ಕದಲ್ಲಿ ರಾತ್ರಿಯಿಡೀ ಉರಿಯುವ ಒಂಬತ್ತು ವಾಟಿನ ಬಲ್ಬು ಇದ್ದರೆ, ಅಗ್ಗದ ಸೆನ್ಸರೂ ಬಂದವರು ಯಾರೆಂದು ಹೇಳುತ್ತದೆ.