ಏನನ್ನೂ ಕದಿಯದ ಕಳ್ಳ

ಕನ್ನಡಕ್ಕೆ ಬಂದ ಕೂಡಲೇ ಈ ಇಂಗ್ಲಿಷ್ ಪದಕ್ಕೆ ಆಪತ್ತು ಕಾದಿರುತ್ತದೆ. ‘ರೋಗ್’ ಎಂಬುದರ ಕೊನೆಯಲ್ಲಿ ಉಸಿರು ಸ್ವಲ್ಪ ಹೆಚ್ಚಾದರೂ ಅದು ಕಾಯಿಲೆಯಾಗುತ್ತದೆ. 2017ರಲ್ಲಿ ಪುರಿ ಜಗನ್ನಾಥ್ ಕನ್ನಡ, ತೆಲುಗು ಎರಡರಲ್ಲೂ ಇದೇ ಹೆಸರಿನ ಸಿನಿಮಾ ಮಾಡಿದಾಗ, ಪೋಸ್ಟರ್ ಓದಿ ‘ಯಾವ ರೋಗವಪ್ಪಾ’ ಎಂದು ಒಬ್ಬರಾದರೂ ಕೇಳದೆ ಇದ್ದಿರಲಾರರು. ಇಂಗ್ಲಿಷಿನವರಿಗೂ ಇದರ ಕಾಟ ತಪ್ಪಿಲ್ಲ. ಅಲ್ಲಿ ಟೈಪಿಸುವಾಗ ಎರಡಕ್ಷರ ಹಿಂದುಮುಂದಾದರೆ ರೋಗ್ ಹೋಗಿ ‘ರೂಜ್’ ಆಗುತ್ತದೆ, ಅಂದರೆ ಕೆನ್ನೆಗೆ ಬಳಿಯುವ ಕೆಂಪು. ಸಪ್ಪಳ ಮಾಡದೆ ಬಂದು ಬೆನ್ನಿಗೆ ಚೂರಿ ಹಾಕಬೇಕಾದವನು ಕೆನ್ನೆ ಕೆಂಪಗೆ ಮಾಡಿಕೊಂಡು ನಿಂತಿರುತ್ತಾನೆ. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಕಂಪ್ಯೂಟರ್ ಆಟ ಆಡುವವರಲ್ಲಿ ಇದು ಹಳಸಿದ, ಆದರೂ ಸಾಯದ ಜೋಕು.

ಇಂಥ ಆಟಗಳಲ್ಲಿ ರೋಗ್ ಅಂದರೆ ಯಾರು ಎಂದು ಆಡುವ ಹುಡುಗರನ್ನು ಕೇಳಿದರೆ ತಕ್ಷಣ ಉತ್ತರ ಬರುತ್ತದೆ: ಕತ್ತಿಯವನ ಹಾಗೆ ಎದುರು ನಿಂತು ಹೊಡೆದಾಡಲಾರ, ಮಾಂತ್ರಿಕನ ಹಾಗೆ ಬೆಂಕಿ ಉಗುಳಲಾರ, ಬೀಗ ತೆಗೆಯುತ್ತಾನೆ, ನೆರಳಿನಲ್ಲಿ ಅಡಗುತ್ತಾನೆ, ಮೈಮರೆತವನಿಗೆ ಇರಿಯುತ್ತಾನೆ. ಆದರೆ ಈ ಆಸಾಮಿ ಹುಟ್ಟಿದಾಗ ಅವನ ಹೆಸರು ರೋಗ್ ಆಗಿರಲಿಲ್ಲ. ಇದ್ದದ್ದು ಬರಿಯ ‘ಥೀಫ್’, ಕಳ್ಳ.

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟ ಹೊರತಂದಾಗ ಅದರಲ್ಲಿ ಮೂರೇ ವೃತ್ತಿಗಳಿದ್ದವು: ಕಾದಾಡುವವನು, ಮಾಂತ್ರಿಕ, ಪುರೋಹಿತ. ಕಳ್ಳ ಬಂದದ್ದು ಮರುವರ್ಷ, ‘ಗ್ರೇಹಾಕ್’ ಎಂಬ ಪುರವಣಿಯಲ್ಲಿ. ಅವನ ಕಲ್ಪನೆ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದ ಆಟಗಾರರ ಕಡೆಯಿಂದ ಗೈಗ್ಯಾಕ್ಸ್‌ಗೆ ಬಂದದ್ದು. ಕದ್ದ ಕಳ್ಳ ಎನ್ನಬೇಡಿ, ಕೇಳಿಸಿಕೊಂಡ ಕಳ್ಳ. ಪೂರ್ವಜರೂ ಇದ್ದರು: ಫ್ರಿಟ್ಜ್ ಲೈಬರ್ ಕಥೆಗಳ ಗ್ರೇ ಮೌಸರ್, ಜ್ಯಾಕ್ ವ್ಯಾನ್ಸ್‌ನ ಕ್ಯೂಜೆಲ್. 1937ರ ‘ಹಾಬಿಟ್’ ಕಾದಂಬರಿಯಲ್ಲಿ ಕುಳ್ಳರ ತಂಡ ಬಿಲ್ಬೋನನ್ನು ಜೊತೆಗೆ ಕರೆದೊಯ್ಯುವುದೂ ಕನ್ನ ಹಾಕುವ ಕೆಲಸಕ್ಕೇ ತಾನೆ.

ಆ ಮೊದಲ ಕಳ್ಳನನ್ನು ಕಂಡರೆ ನನಗೆ ಪಾಪ ಅನ್ನಿಸುತ್ತದೆ. ಅವನ ವಿದ್ಯೆಗಳನ್ನೆಲ್ಲ ಶೇಕಡಾವಾರು ಪಟ್ಟಿಯಲ್ಲಿ ಬರೆದಿಟ್ಟಿದ್ದರು. ಮೊದಲ ಹಂತದಲ್ಲಿ ಬೀಗ ತೆಗೆಯುವ ಸಾಧ್ಯತೆ ನೂರಕ್ಕೆ 15, ಬೋನುಗಳನ್ನು ನಿಷ್ಕ್ರಿಯಗೊಳಿಸುವುದು 10, ಸದ್ದಿಲ್ಲದೆ ನಡೆಯುವುದು 20, ನೆರಳಿನಲ್ಲಿ ಅಡಗುವುದು 10. ಗೋಡೆ ಹತ್ತುವುದೊಂದು ಮಾತ್ರ 87. ಹತ್ತಿ ಹೋದಮೇಲೆ ಮುಂದೇನು? ಹತ್ತರಲ್ಲಿ ಎಂಟು ಸಲ ಹೆಜ್ಜೆ ಸದ್ದಾಗುತ್ತದೆ, ಒಂಬತ್ತು ಸಲ ಕಾವಲಿನವನ ಕಣ್ಣಿಗೆ ಬೀಳುತ್ತಾನೆ, ಬೀಗವಂತೂ ತೆರೆಯುವುದಿಲ್ಲ. ಇನ್ನೊಂದು ಅನಾಹುತವೂ ಆಯಿತು. ಕಳ್ಳ ಬರುವ ಮುಂಚೆ ಯಾರು ಬೇಕಾದರೂ ‘ನಾನು ಮೆಲ್ಲಗೆ ಹೋಗುತ್ತೇನೆ’ ಅನ್ನಬಹುದಿತ್ತು. ಇವನಿಗೆಂದು ಅಂಕಿ ಬರೆದ ಮೇಲೆ, ಉಳಿದವರಿಗೆ ಆ ವಿದ್ಯೆ ಇಲ್ಲವೇ ಇಲ್ಲವೇನೋ ಎಂಬ ಅರ್ಥ ಹೊರಟಿತು. ಹಳೆಯ ಆಟಗಾರರು ಇವತ್ತಿಗೂ ಈ ವಿಷಯಕ್ಕೆ ಜಗಳವಾಡುತ್ತಾರೆ.

ನಮ್ಮ ಪದ ಒಳಗೆ ನುಸುಳಿದ್ದು 1978ರಲ್ಲಿ. ಆ ವರ್ಷದ ಆಟಗಾರರ ಕೈಪಿಡಿಯಲ್ಲಿ ಕಳ್ಳನಿಗೆ ಹಂತ ಹಂತವಾಗಿ ಬಿರುದುಗಳಿವೆ. ಎರಡನೆಯ ಹಂತಕ್ಕೆ ದಾರಿಗಳ್ಳ, ಮೂರಕ್ಕೆ ಗಂಟುಗಳ್ಳ, ಐದಕ್ಕೆ ಕನ್ನಗಳ್ಳ. ಒಂಬತ್ತನೆಯ ಹಂತ ಮುಟ್ಟಿದಮೇಲೆಯೇ ಅವನು ಬಿರುದಿನಲ್ಲೂ ‘ಥೀಫ್’. ಮೊಟ್ಟಮೊದಲ ಮೆಟ್ಟಿಲಿನ, ಏನೂ ಬಾರದ ಅಪ್ರೆಂಟಿಸನ ಬಿರುದು ಯಾವುದೆಂದರೆ ‘ರೋಗ್’! 1989ರ ಎರಡನೆಯ ಆವೃತ್ತಿಯಲ್ಲಿ ಈ ಕಸುಬುದಾರ ಒಮ್ಮೆಲೇ ಬಡ್ತಿ ಪಡೆದ. ಕಳ್ಳ ಮತ್ತು ಹಾಡುಗಾರ ಇಬ್ಬರನ್ನೂ ಸೇರಿಸಿದ ಇಡೀ ಗುಂಪಿನ ಹೆಸರೇ ‘ರೋಗ್’ ಆಯಿತು. 2000ದ ಮೂರನೆಯ ಆವೃತ್ತಿಯಲ್ಲಿ ‘ಥೀಫ್’ ಎಂಬ ವೃತ್ತಿಯ ಹೆಸರನ್ನೇ ಅಳಿಸಿ ಅಲ್ಲಿ ಇವನನ್ನು ಕೂರಿಸಿದರು.

ಈ ಬಡ್ತಿ ಅವನಿಗೆ ಹೊಸದಲ್ಲ. ನಾಲ್ಕು ಶತಮಾನಗಳ ಹಿಂದೆ ಒಮ್ಮೆ ಆಗಿತ್ತು.

1560ರ ದಶಕದಲ್ಲಿ ಇಂಗ್ಲೆಂಡಿನ ಕೆಂಟ್ ಸೀಮೆಯ ಜಮೀನುದಾರ ಥಾಮಸ್ ಹಾರ್ಮನ್ ತನ್ನ ಬಾಗಿಲಿಗೆ ಬರುತ್ತಿದ್ದ ಅಲೆಮಾರಿಗಳನ್ನು ಕೆದಕಿ ಕೆದಕಿ ವಿಚಾರಿಸಿ ಒಂದು ಪುಸ್ತಕ ಬರೆದ. ಅದರಲ್ಲಿ ಇಪ್ಪತ್ತಕ್ಕೂ ಹೆಚ್ಚು ಜಾತಿಯ ವಂಚಕರಿದ್ದಾರೆ, ಒಬ್ಬೊಬ್ಬರದೂ ಒಂದೊಂದು ಕಸುಬು. ‘ಹೂಕರ್’ ಎಂಬವನು ಉದ್ದನೆಯ ಕೋಲಿನ ತುದಿಗೆ ಕಬ್ಬಿಣದ ಕೊಕ್ಕೆ ಸಿಕ್ಕಿಸಿ ರಾತ್ರಿ ಕಿಟಕಿಯೊಳಗಿಂದ ಬಟ್ಟೆಬರೆ ಎಳೆದುಕೊಳ್ಳುತ್ತಾನೆ. ‘ಪ್ರಿಗರ್ ಆಫ್ ಪ್ರ್ಯಾನ್ಸರ್ಸ್’ ಕುದುರೆಗಳ್ಳ. ‘ಕೌಂಟರ್‌ಫಿಟ್ ಕ್ರ್ಯಾಂಕ್’ ಬಾಯಿಗೆ ಸೋಪು ಹಾಕಿಕೊಂಡು ನೊರೆ ತರಿಸಿ ಮೂರ್ಛೆರೋಗದ ನಾಟಕವಾಡಿ ಕಾಸು ಗಿಟ್ಟಿಸುತ್ತಾನೆ. ಕೊನೆಯಲ್ಲಿ ಇವರ ಗುಟ್ಟಿನ ಮಾತಿನ ಪದಕೋಶವೂ ಇದೆ. ಹಗಲಿಗೆ ‘ಲೈಟ್‌ಮನ್ಸ್’, ರಾತ್ರಿಗೆ ‘ಡಾರ್ಕ್‌ಮನ್ಸ್’. ಆಟದ ರೋಗ್‌ಗೆ ಇಂದಿಗೂ ಉಚಿತವಾಗಿ ಸಿಗುವ ‘ಥೀವ್ಸ್ ಕ್ಯಾಂಟ್’ ಎಂಬ ಗುಪ್ತಭಾಷೆ ಇಂಥ ಮಾತಿನದೇ ಕುಡಿ. ಹಾರ್ಮನ್‌ನ ಪಟ್ಟಿಯಲ್ಲಿ ‘ರೋಗ್’ ಕೂಡ ಒಬ್ಬ ಇದ್ದಾನೆ, ಹತ್ತರಲ್ಲಿ ಹನ್ನೊಂದನೆಯವನಾಗಿ.

1572ರಲ್ಲಿ ಎಲಿಜಬೆತ್ ರಾಣಿಯ ಸರ್ಕಾರ ಅಲೆಮಾರಿಗಳ ಮೇಲೆ ಕಾನೂನು ತಂದಾಗ ಈ ಹನ್ನೊಂದನೆಯವನ ಹೆಸರೇ ಎಲ್ಲರ ತಲೆಯ ಮೇಲೆ ಕೂತಿತು. ಸಿಕ್ಕಿಬಿದ್ದವನಿಗೆ ಚಾಟಿಯೇಟು, ಬಲಗಿವಿಯ ಮೃದ್ವಸ್ಥಿಯಲ್ಲಿ ಕಾದ ಕಬ್ಬಿಣದಿಂದ ಒಂದಂಗುಲದ ತೂತು. ಯಾರು ಯಾರು ರೋಗ್? ಜೂಜುಗಾರ, ಹಸ್ತ ನೋಡಿ ಭವಿಷ್ಯ ಹೇಳುವವನು, ಕರಡಿ ಆಡಿಸುವವನು, ಲೈಸೆನ್ಸ್ ಇಲ್ಲದೆ ಭಿಕ್ಷೆ ಬೇಡುವ ಆಕ್ಸ್‌ಫರ್ಡ್ ವಿದ್ಯಾರ್ಥಿ, ದೊರೆಯೊಬ್ಬನ ಆಶ್ರಯವಿಲ್ಲದ ನಟ, ಹಾಡುಗಾರ. 1989ರಲ್ಲಿ ಹಾಡುಗಾರನನ್ನೂ ಕಳ್ಳನನ್ನೂ ಒಂದೇ ತಲೆಬರಹದಡಿ ಸೇರಿಸಿದ ಆಟದವರು ಈ ಕಾನೂನನ್ನು ಓದಿದ್ದರೋ ಇಲ್ಲವೋ, ಪದಕ್ಕೆ ಮಾತ್ರ ತನ್ನ ಹಳೆಯ ನೆಂಟರ ನೆನಪಿತ್ತು. ಶೇಕ್ಸ್‌ಪಿಯರ್ ತನ್ನ ನಾಟಕಗಳಲ್ಲಿ ಈ ಪದವನ್ನು ಬೈಗುಳವಾಗಿಯೂ ಮುದ್ದಿನ ಮಾತಾಗಿಯೂ ಬಳಸಿದ. ಆಶ್ರಯವಿಲ್ಲದ ದಿನ ತಾನೂ ಆ ಪಟ್ಟಿಗೆ ಸೇರುವವನೇ ಎಂದು ಅವನಿಗೆ ಗೊತ್ತಿದ್ದಿರಬೇಕು.

ಹಾಗಾಗಿ ರೋಗ್ ಎಂಬುದು ಒಂದು ಕೆಲಸದ ಹೆಸರಲ್ಲ. ಪಟ್ಟಿ ಮಾಡುವವನ ಕೈಯಲ್ಲಿರುವ ಹೆಸರು. ಕನ್ನಡ ಈ ವಿಷಯದಲ್ಲಿ ಕಟ್ಟುನಿಟ್ಟು. ಸರ ಕಿತ್ತವನು ಸರಗಳ್ಳ, ಜೇಬಿಗೆ ಕೈ ಹಾಕಿದವನು ಜೇಬುಗಳ್ಳ, ವೀರಪ್ಪನ್ ಕಾಡುಗಳ್ಳ. ಬೆಣ್ಣೆ ಕದ್ದವನು ದೇವರಾದರೂ ಬೆಣ್ಣೆಕಳ್ಳನೇ. ತನ್ನ ಮೈಯನ್ನೇ ಕದಿಯುವ ಸೋಮಾರಿಗೂ ಮೈಗಳ್ಳ ಎಂದು ಲೆಕ್ಕ ಇಟ್ಟಿದ್ದೇವೆ. ಕದ್ದ ಮಾಲು ಯಾವುದೆಂದು ಹೇಳದೆ ನಮ್ಮಲ್ಲಿ ಬಿರುದು ಕೊಡುವುದು ಕಡಿಮೆ. ಸ್ವಭಾವಕ್ಕೇ ಹೆಸರು ಬೇಕಾದರೆ ‘ಪುಂಡ’ ಇದ್ದಾನೆ. ಹಿಂಡು ಬಿಟ್ಟ ಸಲಗವನ್ನು ಇಂಗ್ಲಿಷ್ ರೋಗ್ ಎಂದರೆ, ಕೊಡಗು ಹಾಸನದ ಕಡೆಯ ಸುದ್ದಿಗಳಲ್ಲಿ ಅದು ಪುಂಡಾನೆ. ತೋಟದ ಬಾಳೆ, ಹಲಸು, ಗದ್ದೆಯ ಭತ್ತ ಎಲ್ಲ ಮುಗಿಸಿ ಹೋದರೂ ಅದನ್ನು ಯಾರೂ ಕಳ್ಳಾನೆ ಎನ್ನುವುದಿಲ್ಲ.

ನಿಜವಾದ ಕಸುಬುದಾರನನ್ನು ನೋಡಬೇಕೆಂದರೆ ಶೂದ್ರಕನ ‘ಮೃಚ್ಛಕಟಿಕ’ದ ಶರ್ವಿಲಕನ ಹತ್ತಿರ ಹೋಗಬೇಕು. ಮೂರನೆಯ ಅಂಕದಲ್ಲಿ ಅವನು ಚಾರುದತ್ತನ ಮನೆಗೆ ಕನ್ನ ಕೊರೆಯುವ ಮುಂಚೆ ಯಾವ ಆಕಾರದ ಕನ್ನ ಗೋಡೆಗೆ ಒಪ್ಪುತ್ತದೆಂದು ಯೋಚಿಸುತ್ತಾನೆ: ಅರಳಿದ ಕಮಲವೋ, ಸೂರ್ಯನೋ, ಬಾಲಚಂದ್ರನೋ, ಸ್ವಸ್ತಿಕವೋ? ಇಟ್ಟಿಗೆ ಗೋಡೆಗೆ ಪೂರ್ಣಕುಂಭವೇ ಸರಿ ಎಂದು ತೀರ್ಮಾನಿಸುತ್ತಾನೆ, ಬೆಳಿಗ್ಗೆ ನೋಡಿದವರು ಮೆಚ್ಚಬೇಕಲ್ಲ! ಅಳತೆಯ ದಾರ ಮರೆತು ಬಂದಿದ್ದಾನೆ. ಬ್ರಾಹ್ಮಣನಾದ್ದರಿಂದ ಜನಿವಾರವೇ ಟೇಪು. ಒಳಗೆ ತಾನು ನುಗ್ಗುವ ಮೊದಲು ಒಂದು ಗೊಂಬೆಯನ್ನು ತೂರಿಸುತ್ತಾನೆ, ದೀಪ ಆರಿಸಲು ಹುಳು ಬಿಡುತ್ತಾನೆ, ಹೂತ ನಿಧಿಯಿದೆಯೇ ಎಂದು ಬೀಜ ಎರಚಿ ನೋಡುತ್ತಾನೆ. ಬೋನು ಪತ್ತೆ, ಕತ್ತಲೆ, ನಿಧಿಶೋಧ ಎಲ್ಲವೂ ಒಬ್ಬನಲ್ಲೇ ಇವೆ, ಶೇಕಡಾ ಲೆಕ್ಕವಿಲ್ಲದೆ. ಕದಿಯುವುದು ಪ್ರಿಯತಮೆ ಮದನಿಕೆಯನ್ನು ದಾಸ್ಯದಿಂದ ಬಿಡಿಸಿಕೊಳ್ಳಲು. ಗಿರೀಶ ಕಾರ್ನಾಡರು 1984ರಲ್ಲಿ ಈ ನಾಟಕವನ್ನು ‘ಉತ್ಸವ್’ ಎಂಬ ಹಿಂದಿ ಚಿತ್ರ ಮಾಡಿದಾಗ ಕಳ್ಳನ ವೇಷ ಶಂಕರ್ ನಾಗ್‌ಗೆ ಸಿಕ್ಕಿತ್ತು. ಬೇರೆ ಯಾರಿಗೆ ಕೊಟ್ಟಿದ್ದರೂ ನಾನು ಒಪ್ಪುತ್ತಿರಲಿಲ್ಲ.

ಇವತ್ತಿನ ಆಟದ ರೋಗ್ ಇಷ್ಟು ಪಾಡು ಪಡುವುದಿಲ್ಲ. 2014ರ ಐದನೆಯ ಆವೃತ್ತಿಯಲ್ಲಿ ಅವನ ದೊಡ್ಡ ಅಸ್ತ್ರ ‘ಸ್ನೀಕ್ ಅಟ್ಯಾಕ್’. ಹೆಸರಿಗೆ ಕಳ್ಳೇಟು, ಆದರೆ ಅದಕ್ಕೆ ಅಡಗಬೇಕೆಂದೇನೂ ಇಲ್ಲ. ಶತ್ರುವಿನ ಪಕ್ಕದಲ್ಲಿ ನಮ್ಮವನೊಬ್ಬ ನಿಂತಿದ್ದರೆ ಹಾಡಹಗಲೇ ಹಾಕಬಹುದು. ಇಡೀ ಆಟ ಮುಗಿಯುವವರೆಗೆ ಒಂದು ಕಾಸನ್ನೂ ಕದಿಯದೆ ಅವನು ರೋಗ್ ಆಗಿಯೇ ಉಳಿಯಬಹುದು. ಗೂಢಚಾರನಾಗಬಹುದು, ಪತ್ತೇದಾರನಾಗಬಹುದು. ಸಭ್ಯಸ್ಥ. ನನಗೆ ಇದರಲ್ಲಿ ಸ್ವಲ್ಪ ನಷ್ಟ ಕಾಣುತ್ತದೆ. ನೂರಕ್ಕೆ 15ರ ಆ ಬಡಪಾಯಿಯ ಮುಂದೆ ಒಂದು ಬೀಗವಾದರೂ ಇತ್ತು.

ಹೆಸರು ಹೋದರೂ ‘ಥೀಫ್’ ಪೂರ್ತಿ ಹೋಗಿಲ್ಲ. ರೋಗ್ ಮೂರನೆಯ ಹಂತಕ್ಕೆ ಬಂದಾಗ ಆರಿಸಿಕೊಳ್ಳಬೇಕಾದ ಕವಲುಗಳಲ್ಲಿ ಅದೂ ಒಂದು. ಜೊತೆಗೆ ‘ಅಸ್ಯಾಸಿನ್’ ಇದ್ದಾನೆ, ಅವನು ಹಂತಕ. ಮತ್ತೊಬ್ಬ ‘ಆರ್ಕೇನ್ ಟ್ರಿಕ್‌ಸ್ಟರ್’, ಅರೆಬರೆ ಮಂತ್ರ ಕಲಿತವನು. ಅವನನ್ನು ಕನ್ನಡದಲ್ಲಿ ಮಂತ್ರಗಳ್ಳ ಎನ್ನಬಹುದೇ ಎಂದು ಕೇಳಿದರೆ, ಹದಿನೇಳನೆಯ ಹಂತದವರೆಗೆ ತಾಳಿ ಎನ್ನುತ್ತೇನೆ. ಆಗ ಅವನಿಗೆ ‘ಸ್ಪೆಲ್ ಥೀಫ್’ ಎಂಬ ವಿದ್ಯೆ ಬರುತ್ತದೆ. ತನ್ನ ಮೇಲೆ ಪ್ರಯೋಗವಾದ ಮಂತ್ರವನ್ನು ಎದುರಾಳಿಯ ತಲೆಯಿಂದಲೇ ಕಿತ್ತುಕೊಳ್ಳುತ್ತಾನೆ, ಎಂಟು ಗಂಟೆ ಕಾಲ ಮಾಂತ್ರಿಕನಿಗೆ ಅದನ್ನು ಹಾಕಲು ಬರುವುದಿಲ್ಲ, ಇವನಿಗೆ ಬರುತ್ತದೆ. ಕದ್ದ ಮಾಲು ಇದೆ, ಕಳೆದುಕೊಂಡವನೂ ಇದ್ದಾನೆ. ಮಂತ್ರಗಳ್ಳ ಎನ್ನಲು ಅಡ್ಡಿಯಿಲ್ಲ.