ಗೊಂಬೆಗೆ ಯಾರ ಮುಖ? ಯಂತ್ರಮಾನವನ ಸಿನಿಮಾಗಳಲ್ಲಿ ಸೃಷ್ಟಿಕರ್ತನ ಹೊಣೆ

ಹೊಂಗನೂರು ಸೇರಿದ ಚನ್ನಪಟ್ಟಣ ಸೀಮೆಯಲ್ಲಿ ಗೊಂಬೆ ಹುಟ್ಟುವ ಬಗೆ ಎಲ್ಲರಿಗೂ ಗೊತ್ತು. ಹಾಲೆ ಮರದ ತುಂಡನ್ನು ತಿರುಗಣಿಗೆ ಸಿಕ್ಕಿಸಿ ಕಡೆಯುತ್ತಾರೆ. ಅದು ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಸಿನಿಮಾ ಚರಿತ್ರೆಯ ಹೆಸರಾಂತ ಯಂತ್ರಸ್ತ್ರೀ ಹುಟ್ಟಿದ್ದೂ ಇದಕ್ಕೆ ಹತ್ತಿರದ ಕಸುಬಿನಿಂದಲೇ. 1927ರ ಜನವರಿಯಲ್ಲಿ ಬರ್ಲಿನ್‌ನಲ್ಲಿ ತೆರೆಕಂಡ ‘ಮೆಟ್ರೊಪೊಲಿಸ್’ಗಾಗಿ ಶಿಲ್ಪಿ ವಾಲ್ಟರ್ ಶುಲ್ಜೆ-ಮಿಟೆನ್‌ಡಾರ್ಫ್ ಲೋಹವನ್ನು ಬಳಸಲಿಲ್ಲ. ಬೇಗ ಗಟ್ಟಿಯಾಗುವ ಮರದ ಹಿಟ್ಟಿನ ಲೇಪದಿಂದ ಮೈ ಕಟ್ಟಿ, ಬೆಳ್ಳಿಬಣ್ಣ ಬೆರೆಸಿದ ಮೆರುಗೆಣ್ಣೆ ಸಿಂಪಡಿಸಿದರು.

ಗೊಂಬೆಗೆ ಕೊಟ್ಟ ಮುಖದಲ್ಲಿ ಮಾಡಿದವನ ಮನಸ್ಸು ಕಾಣುತ್ತದೆ. ಯಂತ್ರಬುದ್ಧಿಯ ಸಿನಿಮಾಗಳನ್ನು ಹಾಗೆ ಹೋಲಿಸಿ ನೋಡಿದರೆ, ಕೇಡಿನ ಬೇರು ಮಾಡಿದವನ ಇಂಗಿತದಲ್ಲಿದೆ ಎಂಬುದು ಈ ಲೇಖನದ ವಾದ.

‘ಮೆಟ್ರೊಪೊಲಿಸ್’ನ ವಿಜ್ಞಾನಿ ರಾಟ್‌ವಾಂಗ್, ತನ್ನನ್ನು ಬಿಟ್ಟು ನಗರದ ಒಡೆಯನನ್ನು ಮದುವೆಯಾಗಿ ತೀರಿಕೊಂಡ ಹೆಲ್‌ಳನ್ನು ಮರಳಿ ಪಡೆಯಲು ಯಂತ್ರ ಕಟ್ಟುತ್ತಾನೆ. ಅದೇ ಒಡೆಯ ಅದಕ್ಕೆ ಕಾರ್ಮಿಕರು ನಂಬಿದ ಮರಿಯಾಳ ಮುಖ ಹಚ್ಚಿಸಿ ಅವರ ದಾರಿ ತಪ್ಪಿಸುತ್ತಾನೆ. ಒಬ್ಬನ ವಿರಹ, ಇನ್ನೊಬ್ಬನ ಅಧಿಕಾರ. ಎರಡನ್ನೂ ಹೊತ್ತದ್ದು ಒಂದೇ ಗೊಂಬೆ. ಚಿತ್ರಕಥೆ ಬರೆದ ಥೇಯಾ ಫಾನ್ ಹಾರ್ಬೌ ನಿರ್ದೇಶಕ ಫ್ರಿಟ್ಜ್ ಲಾಂಗ್‌ನ ಹೆಂಡತಿ. ರಾಟ್‌ವಾಂಗ್ ಪಾತ್ರಧಾರಿ ರುಡಾಲ್ಫ್ ಕ್ಲೈನ್-ರೊಗೆ ಆಕೆಯ ಮೊದಲ ಗಂಡ.

ಸ್ಟಾನ್ಲಿ ಕುಬ್ರಿಕ್‌ನ ‘2001: ಎ ಸ್ಪೇಸ್ ಒಡಿಸ್ಸಿ’ (1968) ಚಿತ್ರದಲ್ಲಿ ಗಗನನೌಕೆಯನ್ನು ನಡೆಸುವ ಗಣಕಯಂತ್ರ ಹಾಲ್‌ಗೆ ಮುಖವೇ ಇಲ್ಲ; ಒಂದು ಕೆಂಪು ಕಣ್ಣು, ಒಂದು ತಣ್ಣನೆಯ ದನಿ. ಅದನ್ನು ಮಾಡಿದವರೂ ಆ ನೌಕೆಯಲ್ಲಿಲ್ಲ. ಹಾಲ್ ನೌಕೆಯ ಗಗನಯಾತ್ರಿಗಳನ್ನು ಕೊಂದದ್ದೇಕೆ ಎಂಬುದಕ್ಕೆ ತೆರೆಯ ಮೇಲೆ ಉತ್ತರ ಸಿಕ್ಕಿದ್ದು, ‘2001’ರ ಸಹಲೇಖಕ ಆರ್ಥರ್ ಸಿ. ಕ್ಲಾರ್ಕ್ ಅವರ ಮುಂದಿನ ಕಾದಂಬರಿಯನ್ನು ಆಧರಿಸಿದ 1984ರ ‘2010’ ಚಿತ್ರದಲ್ಲಿ. ಮುಚ್ಚಿಡದೆ ಮಾಹಿತಿ ಕೊಡಲೆಂದು ರೂಪಿಸಿದ ಯಂತ್ರಕ್ಕೆ ಯಾನದ ಗುಟ್ಟನ್ನು ಮುಚ್ಚಿಡಲು ಆಜ್ಞೆಯಾಗಿತ್ತು. ಇಲ್ಲಿ ಹಾಲ್‌ನ ಸೃಷ್ಟಿಕರ್ತ ಡಾ. ಚಂದ್ರ ಸ್ವತಃ ಬಾಹ್ಯಾಕಾಶಕ್ಕೆ ಹೋಗಿ, ನೌಕೆ ನಾಶವಾಗಬಹುದೆಂಬ ನಿಜವನ್ನು ಅದಕ್ಕೆ ಹೇಳುತ್ತಾರೆ. ನಿಜ ತಿಳಿದ ಹಾಲ್ ಮನುಷ್ಯರನ್ನು ಉಳಿಸುತ್ತದೆ.

ನಮ್ಮ ಕಡೆಯ ಚಿತ್ರಗಳು ಹಿಡಿದದ್ದು ಒಬ್ಬನೇ ನಟ ಮನುಷ್ಯನೂ ಯಂತ್ರವೂ ಆಗುವ ದಾರಿ. ದಿನೇಶ್ ಬಾಬು ನಿರ್ದೇಶಿಸಿದ ಕನ್ನಡದ ‘ಹಾಲಿವುಡ್’ (2002) ಚಿತ್ರದಲ್ಲಿ ಮನುಷ್ಯನೂ ಉಪೇಂದ್ರ, ಯು.ಎಸ್. 47 ಎಂಬ ಯಂತ್ರಮಾನವನೂ ಉಪೇಂದ್ರ. ಎಂಟು ವರ್ಷಗಳ ನಂತರ ಬಂದ ಶಂಕರ್ ಅವರ ತಮಿಳು ‘ಎಂದಿರನ್’ನಲ್ಲಿ ವಿಜ್ಞಾನಿ ವಸೀಗರನ್ ಮತ್ತು ಯಂತ್ರ ಚಿಟ್ಟಿ ಇಬ್ಬರೂ ರಜನಿಕಾಂತ್. ಅದರ ಬರವಣಿಗೆಯಲ್ಲಿದ್ದ ಸುಜಾತ ರಂಗರಾಜನ್ ಬೆಂಗಳೂರಿನ ಬಿಇಎಲ್‌ನಲ್ಲಿ ಮತಯಂತ್ರ ರೂಪಿಸಿದ ತಂಡದಲ್ಲಿದ್ದ ಎಂಜಿನಿಯರ್. ‘ಎಂದಿರನ್’ನಲ್ಲಿ ಯಂತ್ರ ತನ್ನ ಒಡೆಯನ ಕನ್ನಡಿ. ಸೇನೆಗೆಂದು ಮಾಡಿದ ಚಿಟ್ಟಿಗೆ ಭಾವನೆ ಕಲಿಸುವವನೂ, ಅದು ತನ್ನ ಪ್ರೇಯಸಿಯನ್ನೇ ಪ್ರೀತಿಸಿದಾಗ ಒಡೆದುಹಾಕುವವನೂ ವಸೀಗರನ್ನೇ. ರಾಟ್‌ವಾಂಗ್‌ನ ಆಸೆ ಪರರ ಮುಖದ ಹಿಂದೆ ಅಡಗಿತ್ತು. ಇಲ್ಲಿ ಮಾಡಿದವನಿಗೆ ಅಡಗಲು ತಾವಿಲ್ಲ.

ಆದರೂ ಶಿಕ್ಷೆ ಯಂತ್ರಕ್ಕೆ ತಪ್ಪುವುದಿಲ್ಲ. ಮರಿಯಾಳ ಮುಖದ ಯಂತ್ರ ಬೆಂಕಿಗೆ ಬೀಳುತ್ತದೆ, ಹಾಲ್‌ನ ನೆನಪನ್ನು ಒಂದೊಂದಾಗಿ ಕಿತ್ತು ತೆಗೆಯಲಾಗುತ್ತದೆ, ಚಿಟ್ಟಿ ನ್ಯಾಯಾಲಯದ ಆಜ್ಞೆಗೆ ತಲೆಬಾಗಿ ತನ್ನ ಅಂಗಗಳನ್ನು ತಾನೇ ಬಿಚ್ಚಿಡುತ್ತದೆ. ಕೇಡಾದ ಮೇಲಾದರೂ ಮಾಡಿದ್ದರ ಎದುರು ನಿಂತು ನಿಜ ನುಡಿದವರು ಚಂದ್ರ ಒಬ್ಬರೇ.

ಚನ್ನಪಟ್ಟಣದ ಒಳ್ಳೆಯ ಕುಶಲಕರ್ಮಿ ಈ ಹೊಣೆಯನ್ನು ಮೊದಲೇ ಹೊರುತ್ತಾನೆ. ಮಗು ಗೊಂಬೆಯನ್ನು ಬಾಯಿಗಿಟ್ಟೇ ಇಡುತ್ತದೆಂದು ಬಲ್ಲ ಆತ, ಅರಗಿಗೆ ಅರಿಸಿನದಂಥ ಗಿಡಮೂಲದ ಬಣ್ಣವನ್ನೇ ಬೆರೆಸುತ್ತಾನೆ. ಯಂತ್ರಬುದ್ಧಿ ಕಟ್ಟುವವರೂ ಮೊದಲು ಎಣಿಸಬೇಕಾದದ್ದು ಆ ಮಗುವಿನ ಬಾಯನ್ನೇ.